ಮೂವತ್ತು ಪ್ರಶ್ನೆಗಳ ಪಟ್ಟಿಗೆ ನನ್ನ ಸಹಿ ಇಲ್ಲ

ವಿಲ್ಗಾ ಕ್ರೀಕ್
ಬುಧವಾರ, 21 ಆಗಸ್ಟ್ 2019

ಪ್ರೀತಿಯ ಬ್ರಿಯೋನಿ,

ನಿನ್ನ ಆಫೀಸಿನ ಕಾಗದಕ್ಕೆ ಅಡುಗೆಮನೆ ಮೇಜಿನ ಮೇಲೆ ಕೂತು ಉತ್ತರ ಬರೆಯುತ್ತಿದ್ದೇನೆ. ನೀನು ‘ಮಾನ್ಯ ಶ್ರೀಮತಿ ಪಾಸ್ಕೋ ಅವರಿಗೆ’ ಅಂತ ಶುರುಮಾಡಿ, ‘ಪ್ರಾದೇಶಿಕ ಸಂಯೋಜಕಿ’ ಅಂತ ಮುಗಿಸಿದ್ದೀಯ. ನಿನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದ ಕೈಗೆ ಈ ಕಾಗದ ಬಂದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಪೋಸ್ಟಿನ ಮೊರೀನ್ ಬೇರೆ, ‘ಮಗಳ ಕಾಗದ ಬಂತಲ್ಲ, ಅದೂ ರಿಜಿಸ್ಟರ್ಡ್’ ಅಂತ ಊರಿಗೆಲ್ಲ ಸಾರಿದಳು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮೂವತ್ತು ಪ್ರಶ್ನೆಗಳ ಪಟ್ಟಿಗೆ ನಾನು ಸಹಿ ಹಾಕುವುದಿಲ್ಲ. ಶುಕ್ರವಾರದೊಳಗೆ ಹಾಕದಿದ್ದರೆ ಮಕ್ಕಳ ಚರ್ಚೆ ನಡೆಸುವುದು ಹೇಗೆ ಅಂತ ಟೀಚರುಗಳಿಗೆ ಕಲಿಸುವ ನನ್ನ ತರಬೇತಿ ನಿಮ್ಮ ಮಾನ್ಯತೆಯ ಪಟ್ಟಿಯಿಂದ ಬಿದ್ದುಹೋಗುತ್ತದೆ, ನನ್ನ ಆರು ಜನ ಮೇಷ್ಟ್ರು ಮೇಡಂಗಳು ಒಂದು ವರ್ಷ ಕಲಿತದ್ದಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ, ಮುಂದೆ ಯಾವ ಶಾಲೆಯ ಬಾಗಿಲೂ ನನಗೆ ತೆರೆಯುವುದಿಲ್ಲ. ಎಲ್ಲ ಓದಿದ್ದೇನೆ. ಸಣ್ಣಕ್ಷರದಲ್ಲಿ ಇದ್ದದ್ದನ್ನೂ ಕನ್ನಡಕ ಹಾಕಿಕೊಂಡು ಓದಿದ್ದೇನೆ. ಆದರೂ ಹಾಕುವುದಿಲ್ಲ.

ನಿನ್ನ ಕಿವಿಗೆ ಬಿದ್ದಿರುವುದು ಹೆಡ್ಮಾಸ್ಟರ್ ಡಾರಿಲ್ ಬರೆದ ದೂರು ಮಾತ್ರ. ನಡೆದದ್ದು ಏನು ಅಂತ ನನ್ನ ಬಾಯಲ್ಲೂ ಒಮ್ಮೆ ಕೇಳು.

ಶಾಲೆಯ ಅಂಗಳದ ಮಾವಿನ ಮರ ನಿನಗೆ ಮರೆತಿರಲಿಕ್ಕಿಲ್ಲ. ಅದರ ಮೇಲಿಂದ ಬಿದ್ದು ನೀನು ಕೈ ಮುರಿದುಕೊಂಡಿದ್ದೆ. ಜುಲೈ ರಜೆಯಲ್ಲಿ ಅದನ್ನು ಕಡಿದುಹಾಕಿದರು. ಶಾಲೆ ಶುರುವಾದ ದಿನ ಡಾರಿಲ್ ಮಕ್ಕಳನ್ನೆಲ್ಲ ನಿಲ್ಲಿಸಿಕೊಂಡು, ಮರಕ್ಕೆ ರೋಗ ಬಂದಿತ್ತು, ನಿಮ್ಮ ಮೇಲೆ ಬೀಳಬಾರದು ಅಂತ ತೆಗೆಸಿದೆವು ಅಂದ. ಐದನೇ ಕ್ಲಾಸಿನಲ್ಲಿ ಟೀಗನ್ ಅಂತ ಒಬ್ಬಳು ಹುಡುಗಿ ಇದ್ದಾಳೆ. ಮರ ಕಡಿದವನು ಅವಳ ಚಿಕ್ಕಪ್ಪ. ಮರ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಗರಗಸದ ಸರಪಳಿ ಎರಡು ಸಲ ಬದಲಿಸಬೇಕಾಯಿತು, ಕಾರು ನಿಲ್ಲಿಸಲು ಜಾಗ ಬೇಕು ಅಂತ ಕಡಿಸಿದರು ಅಂತ ಅವನು ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ್ದ.

ಆ ವಾರ ಐದನೇ ಕ್ಲಾಸಿನ ಚರ್ಚೆ ನಡೆಸಬೇಕಾದವಳು ನೆರಿಡಾ ಟಾನ. ನನ್ನ ಆರು ಜನರಲ್ಲಿ ಅವಳೇ ಚಿಕ್ಕವಳು, ಇಪ್ಪತ್ತೇಳು ವರ್ಷ. ಮಕ್ಕಳು ಬೆಂಚು ಬದಿಗೆ ಸರಿಸಿ ನೆಲದ ಮೇಲೆ ವೃತ್ತವಾಗಿ ಕೂತರು, ತಮತಮಗೆ ತೋಚಿದ ಪ್ರಶ್ನೆಗಳನ್ನು ಹಲಗೆ ಮೇಲೆ ಬರೆದರು, ಕೈಯೆತ್ತಿ ಒಂದನ್ನು ಆರಿಸಿದರು. ಆರಿಸಿದ್ದು ಟೀಗನ್‌ಳ ಪ್ರಶ್ನೆ: ‘ನಮ್ಮ ಒಳ್ಳೇದಕ್ಕೆ ಅಂತ ದೊಡ್ಡೋರು ಸುಳ್ಳು ಹೇಳಿದ್ರೆ, ಅದೂ ಸುಳ್ಳೇನಾ?’

ನೆರಿಡಾ ಬಾಯಲ್ಲಿ ನನ್ನ ಪೆಪ್ಪರ್‌ಮಿಂಟ್ ಇತ್ತು. ಈ ಪೆಪ್ಪರ್‌ಮಿಂಟಿನ ವಿಷಯ ನಿಮ್ಮ ಆಫೀಸಿನವರು ‘ಅವೈಜ್ಞಾನಿಕ ಪದ್ಧತಿ’ ಅಂತ ಬರೆದಿದ್ದಾರೆ, ಅದಕ್ಕೇ ಹೇಳುತ್ತೇನೆ. ಮೇಷ್ಟರಾದವರಿಗೆ ಸುಮ್ಮನಿರುವುದೇ ಕಷ್ಟ. ಮಗು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಇವರು ಉಳಿದರ್ಧ ತುಂಬಿ, ‘ವೆರಿ ಗುಡ್’ ಅಂದು ಬಾಗಿಲು ಹಾಕಿಬಿಡುತ್ತಾರೆ. ಅದಕ್ಕೆ ನಾನು ಬಾಯಲ್ಲಿ ಒಂದು ಗಟ್ಟಿ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳಿ, ಅದು ತಾನಾಗಿ ಕರಗುವವರೆಗೆ ನಿಮ್ಮ ಅಭಿಪ್ರಾಯ ಹೇಳಬೇಡಿ ಅನ್ನುತ್ತೇನೆ. ಅದೇ ಆರು ಜನರಲ್ಲಿ ಐವತ್ತೆಂಟರ ಗ್ರೇಮ್ ಮೊದಲನೇ ದಿನ ಅದನ್ನು ಕಟಕಟ ಅಗಿದು ನುಂಗಿ ಎರಡೇ ನಿಮಿಷಕ್ಕೆ ಭಾಷಣ ಶುರುಮಾಡಿದ. ಈಗ ಹದಿನೈದು ನಿಮಿಷ ತಡೆದುಕೊಳ್ಳುತ್ತಾನೆ. ಅವನ ಹೆಂಡತಿ ಮನೆಗೂ ಒಂದು ಡಬ್ಬಿ ಕೇಳಿ ತರಿಸಿಕೊಂಡಿದ್ದಾಳೆ.

ಆ ದಿನ ಮಕ್ಕಳು ನಲವತ್ತು ನಿಮಿಷ ಮಾತಾಡಿದರು. ನಾನು ಮೂಲೆಯಲ್ಲಿ ಕೂತು ಬರೆದುಕೊಂಡಿದ್ದೇನೆ, ಪುಸ್ತಕ ಇಲ್ಲೇ ಇದೆ. ಒಬ್ಬ ಹುಡುಗ, ಹೆಡ್ಮಾಸ್ಟರಿಗೇ ಯಾರಾದರೂ ಸುಳ್ಳು ಹೇಳಿರಬಹುದಲ್ಲ ಅಂದ. ಇನ್ನೊಬ್ಬಳು, ನಾವು ಅಳಬಾರದು ಅಂತ ಹೇಳಿರಬಹುದು, ನಮ್ಮಜ್ಜಿ ನಾಯಿ ಸತ್ತಾಗ ತೋಟಕ್ಕೆ ಹೋಗಿದೆ ಅಂದಿದ್ದಳು, ಅದರಿಂದ ನನಗೆ ಒಳ್ಳೆಯದೇ ಆಯಿತು ಅಂದಳು. ಆಮೇಲೆ, ‘ಆದ್ರೆ ನಾನು ಆರು ತಿಂಗ್ಳು ತೋಟದ ಗೇಟಲ್ಲಿ ನಿಂತು ಕಾದೆ’ ಅಂತ ಸೇರಿಸಿದಳು. ಟೀಗನ್ ಮಧ್ಯದಲ್ಲಿ ಮನಸ್ಸು ಬದಲಿಸಿದಳು, ಕೊನೆಗೆ ಮತ್ತೆ ಬದಲಿಸಿದಳು. ಲೆಕ್ಕ ಹಾಕಿದರೆ ಡಾರಿಲ್ ಪರವಾಗಿ ಮಾತಾಡಿದವರೇ ಹೆಚ್ಚು. ಆದರೆ ಆ ಪುಣ್ಯಾತ್ಮ ಕಿಟಕಿಯ ಹೊರಗೆ ನಿಂತು ಹಲಗೆ ಮೇಲಿದ್ದ ಪ್ರಶ್ನೆ ಓದಿಕೊಂಡನೇ ಹೊರತು ಒಳಗೆ ಬಂದು ಕೂತು ಕೇಳಲಿಲ್ಲ. ಬಾ ಅಂತ ಮಾರನೇ ದಿನ ಕರೆದೆ, ಕೆಲಸ ಇದೆ ಅಂದ. ಮರ ಇದ್ದ ಜಾಗದಲ್ಲಿ ಈಗ ಅವನ ಕಾರೇ ನಿಲ್ಲುತ್ತದೆ.

ಅದಾಗಿ ಮೂರೇ ವಾರಕ್ಕೆ ನಿನ್ನ ಪಟ್ಟಿ ಬಂತು. ಮೂವತ್ತು ಪ್ರಶ್ನೆ, ಮಕ್ಕಳು ಇವುಗಳಲ್ಲೇ ಆರಿಸಬೇಕು, ಪ್ರತಿ ಪ್ರಶ್ನೆಯ ಕೆಳಗೆ ದಪ್ಪ ಅಕ್ಷರದಲ್ಲಿ ಮಾದರಿ ಉತ್ತರ. ಕೊನೆಯ ಪುಟದಲ್ಲಿ, ತಯಾರಿಸಿದವರು ಬ್ರಿಯೋನಿ ಪಾಸ್ಕೋ. ಯಾರೋ ಗುರುತಿಲ್ಲದವರು ಮಾಡಿದ್ದರೆ ಒಲೆಗೆ ಹಾಕಿ ಸುಮ್ಮನಾಗುತ್ತಿದ್ದೆ. ನೀನು ಮಾಡಿದ್ದು ಅಂತ ನೋಡಿ ನನ್ನ ಹೊಟ್ಟೆ ಉರಿದುಹೋಯಿತು, ಸುಳ್ಳು ಯಾಕೆ ಹೇಳಲಿ.

ಆದರೂ ನ್ಯಾಯ ಅಂದರೆ ನ್ಯಾಯ. ಪರೀಕ್ಷಿಸದೆ ಬೈಯಬಾರದು ಅಂತ ಸೋಮವಾರ ನಾನೇ ಐದನೇ ಕ್ಲಾಸಿಗೆ ಹೋಗಿ ನಿನ್ನ ಪಟ್ಟಿಯ ಏಳನೇ ಪ್ರಶ್ನೆ ಇಟ್ಟೆ, ‘ಒಳ್ಳೆಯ ಸ್ನೇಹಿತರು ಯಾರು?’ ಅಂತ. ಮಕ್ಕಳು ನನ್ನ ಮುಖ ನೋಡಿದರು, ನನ್ನ ಕೈಯಲ್ಲಿದ್ದ ಕಾಗದ ನೋಡಿದರು. ಒಬ್ಬ ‘ಸಹಾಯ ಮಾಡೋರು’ ಅಂದ, ಒಬ್ಬಳು ‘ಹಂಚಿಕೊಳ್ಳೋರು’ ಅಂದಳು, ಇನ್ನೊಬ್ಬ ‘ಗೌರವ ಕೊಡೋರು’ ಅಂದ. ಮೂರೂ ನಿನ್ನ ಮಾದರಿ ಉತ್ತರದಲ್ಲಿವೆ. ನಾಲ್ಕು ನಿಮಿಷಕ್ಕೆ ಎಲ್ಲ ಮುಗಿಯಿತು, ನನ್ನ ಪೆಪ್ಪರ್‌ಮಿಂಟ್ ಇನ್ನೂ ಅರ್ಧವೂ ಕರಗಿರಲಿಲ್ಲ. ಆಗ ಟೀಗನ್ ಕೈಯೆತ್ತಿದಳು.

“ಮಿಸ್, ಉತ್ತರ ನಿಮಗೆ ಮೊದಲೇ ಗೊತ್ತಿದ್ರೆ ನಮ್ಮನ್ನ ಯಾಕೆ ಕೇಳ್ತೀರಾ?”

ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಇದನ್ನು ಹಾಗೇ ಬರೆದು ಮಗಳಿಗೆ ಕಳಿಸುತ್ತೇನೆ, ಒಂದೇ ಸಾಲಿನ ಕಾಗದ, ಅವಳ ಬಾಯಿ ಮುಚ್ಚಿಸಲು ಇಷ್ಟು ಸಾಕು ಅಂದುಕೊಂಡೆ. ಹಾಗೆ ಮಾಡಿದ್ದರೆ ಈ ಕಾಗದ ಸೋಮವಾರವೇ ನಿನ್ನ ಕಡೆ ಹೊರಡುತ್ತಿತ್ತು. ಅದೇ ಸಂಜೆ ಇನ್ನೊಂದು ನಡೆಯಿತು. ಅದನ್ನು ಬರೆಯುವುದು ಹೇಗೆ ಅಂತಲೇ ಎರಡು ದಿನ ತಡವಾಯಿತು.

ಶಾಲೆ ಬಿಟ್ಟ ಮೇಲೆ ಆರು ಜನರಿಗೂ ಪಾಠ ಇತ್ತು. ಮಗುವಿನ ಪ್ರಶ್ನೆಗೆ ಉತ್ತರ ಕೊಡದೆ ಅದನ್ನು ಮಗುವಿಗೇ ತಿರುಗಿಸುವುದು ಹೇಗೆ, ಕಾಯುವುದು ಹೇಗೆ ಅಂತ. ಈ ಪಾಠಕ್ಕೆ ನನ್ನದೊಂದು ಕಥೆ ಇದೆ ಬ್ರಿಯೋನಿ. ಇಪ್ಪತ್ತೆಂಟು ವರ್ಷದಿಂದ ಕಂಡ ಕಂಡ ಊರಿನ ಟೀಚರುಗಳಿಗೆಲ್ಲ ಹೇಳುತ್ತಾ ಬಂದಿದ್ದೇನೆ. ನಿನಗೆ ಮಾತ್ರ ಹೇಳಿಲ್ಲ, ಯಾಕೆಂದರೆ ಆ ಕಥೆ ನಿನ್ನದೇ.

ನಿನಗೆ ಆಗ ಒಂಬತ್ತು. ನಿಮ್ಮಪ್ಪ ಲೆಸ್ ಕಾರ್ಖಾನೆಗೆ ಕಬ್ಬು ಸಾಗಿಸುವ ರೈಲು ಓಡಿಸುವುದು ಬಿಟ್ಟು, ಸಿಗಡಿ ಹಿಡಿಯುವ ದೋಣಿಗೆ ಅಂತ ಕರುಂಬಾಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಅವನು ಹೋಗುವ ವಾರ ನೀನು ಕೋಳಿಗೂಡಿನ ಬಾಗಿಲು ಹಾಕುವುದು ಮರೆತಿದ್ದೆ, ಹೆಬ್ಬಾವು ನುಗ್ಗಿ ಅವನ ಮೂರು ಕೋಳಿ ನುಂಗಿತ್ತು, ಅವನು ನಿನ್ನ ಮೇಲೆ ಕೂಗಾಡಿದ್ದ. ಒಂದು ದಿನ ನಾನು ಪಾತ್ರೆ ತೊಳೆಯುತ್ತಿದ್ದೆ. ನೀನು ಬಂದು ಪಕ್ಕದಲ್ಲಿ ನಿಂತು, ‘ಅಮ್ಮ, ಅಪ್ಪ ಹೋಗಿದ್ದು ನನ್ನಿಂದಾನಾ?’ ಅಂತ ಕೇಳಿದೆ. ನಾನು ಆ ವರ್ಷವಷ್ಟೇ ಈ ವಿದ್ಯೆ ಕಲಿತು ಬಂದಿದ್ದೆ. ಕೈ ಒರೆಸಿಕೊಂಡು ನಿನ್ನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು, ‘ನಿನಗೆ ಹಾಗೆ ಯಾಕೆ ಅನ್ನಿಸ್ತು?’ ಅಂತ ಕೇಳಿ, ಕಾದೆ. ನೀನು ಬಹಳ ಹೊತ್ತು ನನ್ನ ಮುಖ ನೋಡಿದೆ. ಆಮೇಲೆ ನಾಯಿಗೆ ಊಟ ಹಾಕಲು ಹೋದೆ.

ಕಥೆಯಲ್ಲಿ ನಾನು ಮುಂದಕ್ಕೆ ಹೇಳುವುದು ಹೀಗೆ: ನನ್ನ ಮಗಳು ಆ ಪ್ರಶ್ನೆಯನ್ನು ಮತ್ತೆ ಯಾವತ್ತೂ ಕೇಳಲಿಲ್ಲ, ಅವಳೇ ಯೋಚಿಸಿ ಉತ್ತರ ಕಂಡುಕೊಂಡಳು, ಈಗ ದೊಡ್ಡ ಅಧಿಕಾರಿಯಾಗಿದ್ದಾಳೆ. ಕೇಳಿದವರೆಲ್ಲ ತಲೆದೂಗುತ್ತಾರೆ. ಒಮ್ಮೆ ಒಂದು ಕಡೆ ಚಪ್ಪಾಳೆಯನ್ನೂ ತಟ್ಟಿದ್ದರು.

ಸೋಮವಾರ ಯಾರೂ ತಲೆದೂಗಲಿಲ್ಲ. ನೆರಿಡಾ ಬಾಯಿಂದ ಪೆಪ್ಪರ್‌ಮಿಂಟ್ ತೆಗೆದು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

“ಡೆಲ್ಮಾ, ತಪ್ಪು ತಿಳ್ಕೋಬೇಡಿ. ಟೀಗನ್ ಕೇಳಿದ್ದು ಎಲ್ಲರೂ ಕೂತು ಯೋಚಿಸೋ ಪ್ರಶ್ನೆ. ನಿಮ್ಮ ಮಗಳು ಕೇಳಿದ್ದು ನಿಮ್ಮನ್ನ. ಅದರ ಉತ್ತರ ನಿಮಗೆ ಗೊತ್ತಿತ್ತಲ್ವಾ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಈ ವಿದ್ಯೆ ನಾನು ಕಲಿಯುವಾಗ ನೀನಿನ್ನೂ ಹುಟ್ಟಿರಲಿಲ್ಲ ಅಂದುಬಿಟ್ಟೆ. ಅದು ಸುಳ್ಳಲ್ಲ, ಉತ್ತರವೂ ಅಲ್ಲ. ಇವತ್ತಿಗೆ ಸಾಕು ಅಂತ ಪುಸ್ತಕ ಮುಚ್ಚಿ ಮನೆಗೆ ನಡೆದು ಬಂದೆ. ಕಟಾವಿಗೆ ಮೊದಲು ಕಬ್ಬಿನ ಗದ್ದೆಗೆ ಬೆಂಕಿ ಹಾಕಿದ್ದರು, ತಂತಿ ಮೇಲಿನ ಬಟ್ಟೆಯೆಲ್ಲ ಮಸಿಯಾಗಿತ್ತು. ಅವನ್ನು ಮತ್ತೆ ಒಗೆಯಲು ಹಾಕುವಾಗ ಟೀಗನ್ ಮಾತು ನೆನಪಾಯಿತು. ಉತ್ತರ ಮೊದಲೇ ಗೊತ್ತಿದ್ದರೆ ನಮ್ಮನ್ನು ಯಾಕೆ ಕೇಳುತ್ತೀರಿ. ಬೆಳಗ್ಗೆ ಅದು ನಿನಗೆ ಬಿದ್ದ ಏಟು ಅಂತ ಕುಣಿದಿದ್ದೆ. ಸಂಜೆ ನೋಡಿದರೆ ನನ್ನ ಬೆನ್ನ ಮೇಲೂ ಬಾಸುಂಡೆ ಎದ್ದಿತ್ತು.

ಆಮೇಲೆ ನಿನ್ನ ಪಟ್ಟಿಯನ್ನು ಇನ್ನೊಂದು ಸಲ ತೆಗೆದು ನೋಡಿದೆ. ಮೂವತ್ತು ಪ್ರಶ್ನೆ, ಒಂದರ ಕೆಳಗೂ ಜಾಗ ಖಾಲಿ ಬಿಟ್ಟಿಲ್ಲ. ಯಾವ ಮಗುವೂ ಪ್ರಶ್ನೆ ಕೇಳಿ ಬರಿಗೈಯಲ್ಲಿ ಎದ್ದುಹೋಗಬಾರದು ಅಂತ ಹಟ ಹಿಡಿದವರ ಕೆಲಸ ಅದು. ಡಾರಿಲ್‌ನ ಮಾನ ಉಳಿಸಲು ನೀನು ಅದನ್ನು ಬರೆದೆ ಅಂತ ಅಂದುಕೊಂಡಿದ್ದೆ. ತಪ್ಪು ತಿಳಿದಿದ್ದೆ ಕಣೆ. ಅದು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು, ಗೊತ್ತಾಗಿ ಕೂತಲ್ಲೇ ಅತ್ತೆ. ಈ ವಯಸ್ಸಿನಲ್ಲಿ ಅತ್ತರೆ ಮೂಗು ಕಟ್ಟುತ್ತದೆ, ಮಲಗಲು ಆಗುವುದಿಲ್ಲ.

ಸರಿ, ಅಮ್ಮ ಕರಗಿದಳು, ಇನ್ನು ಸಹಿ ಹಾಕುತ್ತಾಳೆ ಅಂತ ನೀನು ಪೆನ್ನು ಹುಡುಕಬೇಡ. ನಾನು ನಿನಗೆ ಮಾಡಿದ ತಪ್ಪಿಗೆ ನೀನು ಊರಿನ ಮಕ್ಕಳ ಬಾಯಿಗೆ ಉತ್ತರ ತುರುಕಿದರೆ ಎರಡು ತಪ್ಪಾಗುತ್ತದೆ. ಮಾವಿನ ಮರ ಹೋಗಿದ್ದು ಆ ಮಕ್ಕಳ ಕಣ್ಣೆದುರಿನ ಸಂಗತಿ. ಸುಳ್ಳು ಅಂದರೇನು ಅಂತ ಅವರು ಅವತ್ತು ಯೋಚಿಸಿದ ಹಾಗೆ ನಿನ್ನ ಆಫೀಸಿನಲ್ಲಿ ಯಾರಾದರೂ ಯೋಚಿಸಿದ್ದರೆ ಬಂದು ನನಗೆ ಹೇಳಲಿ. ಅಷ್ಟು ಚೆನ್ನಾಗಿ ಕೂತು, ಒಬ್ಬರ ಮಾತು ಒಬ್ಬರು ಕೇಳಿ, ಮನಸ್ಸು ಬದಲಿಸಿದ್ದನ್ನು ನಾಚಿಕೆಯಿಲ್ಲದೆ ಹೇಳಿಕೊಂಡ ಮಕ್ಕಳಿಗೆ ಮೂವತ್ತರಲ್ಲೊಂದು ಆರಿಸಿಕೊಳ್ಳಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಿನ್ನೆ ಆರೂ ಜನರನ್ನು, ಮುದುಕರು ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಜಗುಲಿಗೆ ಕರೆದೆ. ಮೊದಲು ನೆರಿಡಾ ಹತ್ತಿರ ಎಲ್ಲರೆದುರೇ ಕ್ಷಮೆ ಕೇಳಿದೆ. ಆಮೇಲೆ ನಿನ್ನ ಕಾಗದ ಓದಿದೆ. ಪ್ರಮಾಣಪತ್ರ ನಿಮ್ಮದು, ನನ್ನ ಹಟಕ್ಕೆ ನಿಮ್ಮ ಒಂದು ವರ್ಷ ಹಾಳಾಗುವುದು ಬೇಡ, ಸಹಿ ಹಾಕಿ ಅಂದರೆ ಹಲ್ಲು ಕಚ್ಚಿಕೊಂಡು ಹಾಕುತ್ತೇನೆ ಅಂದೆ. ಯಾರಿಗೂ ಪೆಪ್ಪರ್‌ಮಿಂಟ್ ಕೊಡಲಿಲ್ಲ, ಎಲ್ಲರೂ ಬಾಯಿ ತುಂಬ ಮಾತಾಡಲಿ ಅಂತ. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವನು ಗ್ರೇಮ್. ಆ ಪ್ರಮಾಣಪತ್ರ ಸಿಕ್ಕರೆ ಕೊನೆಯ ಎರಡು ವರ್ಷಕ್ಕೆ ಕಡಲ ತೀರದ ಶಾಲೆಗೆ ವರ್ಗ ಕೇಳಬಹುದು ಅಂತ ಇದ್ದ. ಅವನೇ ಮೊದಲು ಬಾಯಿ ತೆರೆದ.

“ಮೂವತ್ನಾಲ್ಕು ವರ್ಷ ಉತ್ತರ ಗೊತ್ತಿರೋ ಪ್ರಶ್ನೆನೇ ಕೇಳ್ಕೊಂಡ್ ಬಂದೆ ಕಣಮ್ಮ. ಉಳಿದಿರೋ ಎರಡು ವರ್ಷನಾದ್ರೂ ಗೊತ್ತಿಲ್ದೇ ಇರೋದು ಕೇಳ್ತೀನಿ. ಸಮುದ್ರ ಎಲ್ಲಿಗೂ ಓಡೋಗಲ್ಲ.”

ಉಳಿದವರೂ ಹಾಗೇ ಅಂದರು. ಒಬ್ಬಳು ಮಾತ್ರ ಗಂಡನನ್ನು ಕೇಳಿ ಹೇಳುತ್ತೇನೆ ಅಂದಳು, ಇವತ್ತು ಬೆಳಗ್ಗೆ ಫೋನ್ ಮಾಡಿ ನಾನೂ ಇದ್ದೇನೆ ಅಂದಳು. ಇನ್ನು ಮೇಲೆ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಬೌಲ್ಸ್ ಕ್ಲಬ್ಬಿನಲ್ಲೇ ತರಬೇತಿ. ಮಕ್ಕಳೂ ಬರಬಹುದು, ಟೀಗನ್ ಆಗಲೇ ತನ್ನ ಚಿಕ್ಕಪ್ಪನನ್ನೂ ಕರೆತರುತ್ತೇನೆ ಅಂದಿದ್ದಾಳೆ. ನಮ್ಮ ಪ್ರಮಾಣಪತ್ರಕ್ಕೆ ಸೀಲು ಇರುವುದಿಲ್ಲ. ಸೀಲು ಇಲ್ಲದೆಯೂ ಮಕ್ಕಳ ಮಾತು ಕೇಳಲು ಬರುತ್ತದೆ. ಬೇಕಾದರೆ ನಿಮ್ಮ ಆಫೀಸಿನವರು ಬೌಲ್ಸ್ ಕ್ಲಬ್ಬಿಗೂ ಒಂದು ನೋಟಿಸ್ ಕಳಿಸಲಿ, ಅಲ್ಲಿನ ಮುದುಕರು ಅದರ ಮೇಲೆ ಬಿಯರ್ ಗ್ಲಾಸ್ ಇಡುತ್ತಾರೆ.

ನಮ್ಮ ಪದ್ಧತಿಗೆ ಒಂದು ನಿಯಮ ಸೇರಿಸಿದ್ದೇವೆ. ಅದು ನೆರಿಡಾಳ ನಿಯಮ, ನನ್ನದಲ್ಲ. ಮಗು ಕೇಳಿದ್ದು ನಿನ್ನೊಬ್ಬಳನ್ನೇ ಆಗಿದ್ದು, ಉತ್ತರ ನಿನಗೆ ಗೊತ್ತಿದ್ದರೆ, ಪೆಪ್ಪರ್‌ಮಿಂಟ್ ಉಗಿದು ಉತ್ತರ ಹೇಳು. ಎಷ್ಟೇ ಕಷ್ಟವಾದರೂ ಹೇಳು. ಇದನ್ನು ಬೇಕಾದರೆ ನಿನ್ನ ಪಟ್ಟಿಯಲ್ಲಿ ಹಾಕಿಕೋ, ಕೆಳಗೆ ನನ್ನ ಹೆಸರು ಬೇಡ.

ನಿನ್ನ ಮೂವತ್ತು ಪ್ರಶ್ನೆಗಳನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಸಹಿ ಹಾಕುವ ಜಾಗ ಖಾಲಿ ಇದೆ, ಟೀ ಕಲೆ ನನ್ನದು. ಸಂಯೋಜಕಿಯಾಗಿ ನೀನು ಏನು ಮಾಡಬೇಕೋ ಮಾಡು, ಅದಕ್ಕೆ ನಾನು ಮುಖ ಊದಿಸಿಕೊಳ್ಳುವುದಿಲ್ಲ. ಮಗಳಾಗಿ ಶನಿವಾರ ಬಂದರೆ ಸ್ಕೋನ್ ಮಾಡಿಡುತ್ತೇನೆ. ಬರದಿದ್ದರೂ ಮಾಡುತ್ತೇನೆ, ಗ್ರೇಮ್ ತಿನ್ನುತ್ತಾನೆ.

ಇಷ್ಟು ಮುದುಕಿಯಾದರೂ ಬಗ್ಗದ,
ನಿನ್ನ ಅಮ್ಮ,
ಡೆಲ್ಮಾ

ಮರೆತದ್ದು: ಮರೆತದ್ದಲ್ಲ. ಕಾಗದ ಮಡಚಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಬಾಯಲ್ಲಿ ಏನೂ ಇಲ್ಲ.

ನಿನ್ನಿಂದ ಅಲ್ಲ ಬ್ರಿಯೋನಿ. ಕೋಳಿಗಳಿಂದಲೂ ಅಲ್ಲ. ಕರುಂಬಾಕ್ಕೆ ಮೂರೂ ಜನ ಹೋಗೋಣ ಅಂತ ನಿಮ್ಮಪ್ಪ ಕೇಳಿದ್ದ. ನನಗೆ ಆಗತಾನೇ ಈ ಕೆಲಸ ಸಿಕ್ಕಿತ್ತು. ಬೇಕಾದರೆ ನೀನೊಬ್ಬನೇ ಹೋಗು ಅಂದವಳು ನಾನು. ಅದನ್ನು ಹೇಳಿದರೆ ನೀನು ನನ್ನನ್ನು ಬಿಟ್ಟು ಅವನ ಹತ್ತಿರ ಹೋಗುತ್ತೀಯ ಅಂತ ಹೆದರಿ, ಪಾತ್ರೆ ತೊಳೆಯುವ ಜಾಗದಲ್ಲಿ ನಿನ್ನ ಪ್ರಶ್ನೆಯನ್ನು ನಿನಗೇ ತಿರುಗಿಸಿದೆ. ಆಮೇಲೆ ಅದಕ್ಕೆ ಪದ್ಧತಿ ಅಂತ ಹೆಸರಿಟ್ಟೆ.

ನೀನು ಅದನ್ನು ಕೇಳಿದ ವಾರವೇ ಅವನು ಫೋನ್ ಮಾಡಿದ್ದ. ಕಾರ್ಖಾನೆಯಲ್ಲಿ ಹಳೇ ಕೆಲಸ ಕೊಡುತ್ತಾರಂತೆ, ವಾಪಸ್ ಬರಲಾ ಅಂದ. ಬೇಡ ಅಂದೆ. ಹಾಗಾದರೆ ಬ್ರಿಯೋನಿಗೆ ಕೊಡು, ಕೋಳಿ ವಿಷಯಕ್ಕೆ ಸುಮ್ಮನೆ ಬೈದುಬಿಟ್ಟೆ, ಅದನ್ನು ಹೇಳಬೇಕು ಅಂದ. ಅವಳು ಮಲಗಿದ್ದಾಳೆ ಅಂದೆ. ಸಂಜೆ ನಾಲ್ಕೂವರೆ ಆಗಿತ್ತು. ನೀನು ಮೇಜಿನ ಕೆಳಗೆ ಕೂತು ನಾಯಿಗೆ ಬ್ರೆಡ್ಡಿನ ಅಂಚು ತಿನ್ನಿಸುತ್ತಿದ್ದೆ.